ಡ್ಯಾಶ್‌ಬೋರ್ಡಿನ ಗಣಪತಿ

ಕಾರು ಮಾರುವವನಿಗೆ ಕಾರು ಓಡಿಸಲು ಬರಲೇಬೇಕೆಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲ. ಬಳೆ ಮಾರುವವನು ತಾನು ಬಳೆ ತೊಟ್ಟು ತೋರಿಸುತ್ತಾನೆಯೆ? ಈ ವಾದವೊಂದನ್ನೇ ನೆಚ್ಚಿಕೊಂಡು ನಾನು ನಾಸಿಕದಲ್ಲಿ ಒಂಬತ್ತು ವರ್ಷ ದೂಡಿದೆ. ಬೀದರಿನಿಂದ ಹೊರಟವನು ಅಲ್ಲಿಯ ಒಂದು ಕಾರು ಏಜೆನ್ಸಿಯ ಬಿಡಿಭಾಗಗಳ ಕೌಂಟರಿನಲ್ಲಿ ನಿಂತೆ, ಮೆಲ್ಲಗೆ ಮಾರಾಟದ ಕಡೆ ಸರಿದೆ, ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅದೇ ಏಜೆನ್ಸಿಯ ಔರಂಗಾಬಾದ್ ಶಾಖೆಗೆ ಮ್ಯಾನೇಜರ್ ಆಗಿಬಿಟ್ಟೆ. ಆ ಊರಿಗೆ ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ. ಮ್ಯಾನೇಜರ್ ಅಂದರೆ ಪೂರ್ತಿ ಮ್ಯಾನೇಜರ್ ಅಲ್ಲ, ಆರು ತಿಂಗಳ ಪರೀಕ್ಷೆಯ ಮೇಲೆ. ಅಷ್ಟರೊಳಗೆ ಗಿರಾಕಿಯೊಬ್ಬನ ದೂರಿನ ಪತ್ರ ನಾಸಿಕಕ್ಕೆ ಹೋದರೆ ಮತ್ತೆ ಬಿಡಿಭಾಗಗಳ ಕೌಂಟರೇ ಗತಿ. ಇತ್ತ ಮಗಳಿಗೆ ಹತ್ತು ಸಲ ಅಲೆದು ಶಾಲೆಯಲ್ಲಿ ಸೀಟು ಕೊಡಿಸಿದ್ದೆ. ಹೆಂಡತಿಯಂತೂ ಮೊದಲೇ ಹೇಳಿಟ್ಟಿದ್ದಳು: “ನೋಡ್ರಿ, ಇನ್ನೊಮ್ಮಿ ಭಾಂಡಿ-ಪಾತ್ರಿ ಕಟ್ಟಾಂಗಿಲ್ಲ ನಾ. ವಾಪಸ್ ಹೋಗಾದಿದ್ರ ನೀವೊಬ್ಬರೇ ಹೋಗ್ರಿ.”

ಹೊರಡುವ ಮುಂಚೆ ನಾಸಿಕದಲ್ಲಿ ಮೂರು ದಿನ ತರಬೇತಿಯಾಯಿತು. ಮುಂಬಯಿಯಿಂದ ಬಂದ ಟೈ ಕಟ್ಟಿದ ಮಹಾಶಯರೊಬ್ಬರು ಮ್ಯಾನೇಜರನಿಗೆ ಇರಬೇಕಾದ ಗುಣಗಳನ್ನು ಹಲಗೆಯ ಮೇಲೆ ಬರೆದೇ ಬರೆದರು. ಗಿರಾಕಿ ಮಾತು ಮುಗಿಸುವವರೆಗೆ ಬಾಯಿ ಬಿಡಬಾರದು. ಕಾರಿನ ಜೊತೆ ಗಿರಾಕಿಗೆ ಒಂದು ನೆನಪನ್ನೂ ಕೊಟ್ಟು ಕಳಿಸಬೇಕು. ತಪ್ಪು ನಮ್ಮದಾದರೆ ಅವನು ಕೇಳುವ ಮೊದಲೇ ನಾವೇ ಹೇಳಿಬಿಡಬೇಕು. ಕೊನೆಯದರ ಕೆಳಗೆ ನಾನು ಎರಡು ಗೆರೆ ಎಳೆದುಕೊಂಡೆ. ಸಂಜೆ ಅದನ್ನು ಹೆಂಡತಿಗೆ ಓದಿ ಹೇಳಿದಾಗ ಅವಳು, “ಮನ್ಯಾಗ ಯಾವಾಗಿಂದ ಚಾಲೂ ಮಾಡ್ತೀರಿ?” ಎಂದು ಕೇಳಿದಳು. ತರಬೇತಿಯಲ್ಲಿ ಮನೆಯ ವಿಷಯ ಬಂದಿರಲಿಲ್ಲ.

ಈಗಿನವರಿಗೆ ಹೇಳಿದರೆ ನಂಬಲಿಕ್ಕಿಲ್ಲ, ಆಗ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗೆ ಕಾದವರು ಕಾರು ಒಯ್ಯಲು ಮದುವೆಯ ದಿಬ್ಬಣದ ಹಾಗೆ ಬರುತ್ತಿದ್ದರು: ಅಜ್ಜಿ, ಅಳಿಯ, ಪಕ್ಕದ ಮನೆಯವರು, ಒಮ್ಮೊಮ್ಮೆ ಕರುವನ್ನು ಬಿಟ್ಟು ಮಿಕ್ಕವರೆಲ್ಲ. ನಿಂಬೆಹಣ್ಣು, ತೆಂಗಿನಕಾಯಿ ಅವರೇ ತರುತ್ತಿದ್ದರು. ಇಂಥವರಿಗೆ ನಾನು ಏನು ನೆನಪು ಕೊಡಲಿ? ಯೋಚಿಸಿ ಯೋಚಿಸಿ ಒಂದು ಪದ್ಧತಿ ಶುರುಮಾಡಿದೆ. ಆ ಕಡೆ ಪೂಜೆಯಲ್ಲಿ ಗಣಪತಿಯ ಮೂರ್ತಿ ಇಲ್ಲದಿದ್ದರೆ ಇಡೀ ಅಡಿಕೆಯೊಂದನ್ನು ಅಕ್ಕಿಯ ಮೇಲಿಟ್ಟು, ಕುಂಕುಮ ಹಚ್ಚಿ, ಅದನ್ನೇ ಗಣಪತಿ ಎಂದು ಪೂಜಿಸುತ್ತಾರೆ. ನಾನು ನನ್ನ ಕೈಯಾರೆ ಒಂದು ಅಡಿಕೆಗೆ ಕುಂಕುಮ ಹಚ್ಚಿ, ವೀಳ್ಯದೆಲೆಯ ಮೇಲಿಟ್ಟು, ಕಾರಿನೊಳಗೆ ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿ ಕೈಮುಗಿಯತೊಡಗಿದೆ. ಗಿರಾಕಿಗಳಿಗೆ ಬಲು ಖುಷಿಯಾಯಿತು. ನಾಸಿಕದ ಯಜಮಾನರೂ ಫೋನಿನಲ್ಲಿ ಭೇಷ್ ಎಂದರು. ಅಡಿಕೆ ಉರುಟಾಗಿರುತ್ತದೆ, ಕಾರು ಚಲಿಸುತ್ತದೆ ಎಂಬ ಎರಡು ಸಂಗತಿಗಳನ್ನು ಜೋಡಿಸಿ ನೋಡುವುದು ಮಾತ್ರ ನನಗೆ ಹೊಳೆಯಲಿಲ್ಲ.

ಐದನೆಯ ತಿಂಗಳಲ್ಲಿ ಭಾವುಸಾಹೇಬರು ಬಂದರು. ಜಾಲನಾ ರಸ್ತೆಯ ಕಡೆ ಮೋಸಂಬಿ ತೋಟವಿದ್ದ ದೊಡ್ಡ ರೈತರು. ಅವರ ಬಿಳಿ ಕಾರು ನಮ್ಮಲ್ಲಿಂದ ಹೋಗಿ ವಾರವಾಗಿತ್ತಷ್ಟೆ. ಅವರದು ಮರಾಠಿ, ಇಲ್ಲಿ ನನ್ನ ಬೀದರ್ ಕನ್ನಡದಲ್ಲೇ ಬರೆಯುತ್ತೇನೆ. ಎರಡರಲ್ಲೂ ಸಿಟ್ಟಿನ ತೂಕ ಒಂದೇ. “ಸಾಹೇಬ, ಗಾಡಿ ಟಕ್ ಟಕ್ ಅಂತದ. ಹೊಸಾ ಗಾಡಿ ಹಂಗ್ಯಾಕ ಅನಬೇಕು?” ಎಂದು ನನ್ನ ಮೇಜಿನ ಮೇಲೆ ಬೆರಳ ಗಣ್ಣಿನಿಂದ ಬಾರಿಸಿ ತೋರಿಸಿದರು. ನಾನು ತರಬೇತಿಯಲ್ಲಿ ಕಲಿತಂತೆ ಅವರು ಮುಗಿಸುವವರೆಗೆ ಬಾಯಿ ಬಿಡಲಿಲ್ಲ. ಅವರು ಅರ್ಧ ಗಂಟೆ ಮುಗಿಸಲಿಲ್ಲ.

ನಮ್ಮ ಹಿರಿಯ ಮೆಕ್ಯಾನಿಕ್ ಯೂಸುಫ್ ಮಾಮು ಕಾರನ್ನು ಓಡಿಸಿ ನೋಡಿದ. ಪೇಟೆಯ ನುಣ್ಣನೆ ರಸ್ತೆಯಲ್ಲಿ ಸದ್ದೇ ಇಲ್ಲ. ತೋಟದ ಹಾದಿಯಲ್ಲಿ ಹೋದರೆ ಟಕ್ ಟಕ್. ಚಕ್ರ ಬಿಚ್ಚಿದ, ಬಾಗಿಲು ಬಿಗಿದ, ಸೀಟು ಎತ್ತಿ ಕೂರಿಸಿದ. ಭಾವುಸಾಹೇಬರು ನಾಲ್ಕು ಸಲ ಬಂದರು, ನಾಲ್ಕು ಸಲವೂ ಸದ್ದು ಅವರ ಜೊತೆಗೇ ಬಂತು. ಐದನೆಯ ಸಲ ಒಂದು ಬಿಳಿ ಹಾಳೆ ತೋರಿಸಿ, “ಇವತ್ತು ಸದ್ದು ನಿಂತಿಲ್ಲಂದ್ರ ಇದರ ಮ್ಯಾಲೆ ಬರದು ನಾಸಿಕಕ್ಕ ಕಳಸ್ತೀನಿ,” ಎಂದರು. ಮಗಳ ಶಾಲೆ, ಹೆಂಡತಿಯ ಭಾಂಡಿ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅವರನ್ನು ಹೊರಗೆ ಚಹಾಕ್ಕೆ ಕೂರಿಸಿ, “ಮಾಮು, ಡ್ಯಾಶ್‌ಬೋರ್ಡೇ ಬಿಚ್ಚು,” ಎಂದೆ.

ಬಿಚ್ಚಿದ. ಕೈ ಹಾಕಿದ. ಕೈ ಹೊರಗೆ ಬಂದಾಗ ಅಂಗೈಯಲ್ಲಿ ಕುಂಕುಮ ಮಾಸಿದ ಒಂದು ಅಡಿಕೆ ಇತ್ತು. ಗಾಜಿನ ಪಕ್ಕದ ಸಂದಿಯಿಂದ ಉರುಳಿ ಒಳಗೆ ಬಿದ್ದಿತ್ತು. ಮಾಮು ಅಡಿಕೆ ನೋಡಿದ, ನನ್ನನ್ನು ನೋಡಿದ. “ಸಾಬ್, ಯೇ ತೋ ಆಪ್‌ಕಾ ಹೈ,” ಎಂದ. ನನ್ನದೇ, ನಾನೇ ಕೂರಿಸಿದ್ದು. ಎರಡು ಗೆರೆ ಎಳೆದುಕೊಂಡ ಪಾಠ ಆಗ ನೆನಪಾಗಬೇಕಿತ್ತು. ನನಗೆ ಪ್ಯಾಂಟಿನ ಜೇಬು ನೆನಪಾಯಿತು. ಹೊರಗೆ ಬಂದು ಭಾವುಸಾಹೇಬರಿಗೆ, “ಏನಿಲ್ರಿ, ಒಳಗ ಒಂದ್ ಸಣ್ಣ ಸ್ಕ್ರೂ ಸಡಲ ಆಗಿತ್ತು,” ಎಂದೆ. ಅವರು ತೋಟದ ಹಾದಿಯಲ್ಲಿ ಓಡಿಸಿ ನೋಡಿ, ಸದ್ದಿಲ್ಲವೆಂದು ಫೋನು ಮಾಡಿ, ಅದೇ ಹಾಳೆಯ ಮೇಲೆ ನನ್ನನ್ನು ಹೊಗಳಿ ಬರೆಯುತ್ತೇನೆ ಎಂದರು. ನನ್ನ ನೌಕರಿ ಇನ್ನೂ ಪಕ್ಕಾ ಆಗಿಲ್ಲವೆಂದು ನಾನೂ ಕಿವಿಗೆ ಹಾಕಿಟ್ಟೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಸುಳ್ಳು ಹೇಳಿದರೆ ನಿದ್ದೆ ಬರುವುದಿಲ್ಲ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಮರುದಿನ ಮಂಗಳವಾರ, ನಮಗೆ ವಾರದ ರಜೆ. ಬಟ್ಟೆ ಒಗೆಯಲು ಹೋದ ಹೆಂಡತಿ, “ಏನ್ರಿ, ಎಲಿ-ಅಡಕಿ ತಿನ್ನಾದು ಯಾವಾಗ ಕಲತ್ರಿ?” ಎನ್ನುತ್ತ ಬಂದಳು. ನಾನು ಪೇಪರಿನಲ್ಲಿ ಮುಳುಗಿ ಹೂಂ ಎಂದೆ. ಮಧ್ಯಾಹ್ನ ಹೋಳಿಗೆಯ ಊಟವಾದ ಮೇಲೆ ಅವಳು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಕತ್ತರಿಸಿ, ಪ್ರೀತಿಯಿಂದ ಕೊಟ್ಟಳು. ನಾನು ಜಗಿದೆ. ಅರ್ಧ ಜಗಿದಾದ ಮೇಲೆ, “ಇದ್ಯಾವ ಅಡಕಿ?” ಎಂದು ಕೇಳಿದೆ. “ನಿಮ್ಮ ಕಿಸೆದಾಗಿಂದು. ಕುಂಕುಮ ಹತ್ತಿತ್ತು, ತೊಳದೀನಿ,” ಎಂದಳು.

ಗುರುವಾರ ಭಾವುಸಾಹೇಬರು ಹೆಂಡತಿಯನ್ನು ಕರೆದುಕೊಂಡು ಬಂದರು. ಆಕೆಯನ್ನು ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಪೇಢೆಯ ಪೊಟ್ಟಣ ಕಾಕುವಿನ ಕೈಯಲ್ಲಿ, ಹೊಗಳಿಕೆಯ ಪತ್ರ ಭಾವುಸಾಹೇಬರ ಜೇಬಿನಲ್ಲಿ. ಕಾಕು ಕೂತವರೇ ಕೇಳಿದರು: “ಸಾಹೇಬ್ರ, ನೀವು ಪೂಜಾ ಮಾಡಿ ಇಟ್ಟ ಗಣಪತಿ ಆವತ್ತೇ ಕಾಣದಂಗಾಗಿದ್ದ. ಗಾಡ್ಯಾಗೇ ಎಲ್ಲೋ ಅದಾನ ಅಂತ ಸುಮ್ನಿದ್ದೆ. ಈಗ ಸದ್ದು ನಿಂತದಂದ್ರ ಸದ್ದು ಮಾಡ್ತಿದ್ದಂವ ಅವನೇ. ಅವನ್ನ ಕೊಡ್ರಿ, ದೇವರ ಜಗಲಿ ಮ್ಯಾಲೆ ಇಡ್ತೀನಿ.” ಯೂಸುಫ್ ಮಾಮು ಐದು ಸಲ ಬಿಚ್ಚಿ ಕಂಡುಹಿಡಿದದ್ದನ್ನು ಈಕೆ ಮನೆಯಲ್ಲಿ ಕೂತು ಕಂಡುಹಿಡಿದಿದ್ದರು!

ಪೂಜೆಯ ಅಡಿಕೆಗಳ ಡಬ್ಬಿ ನನ್ನ ಮೇಜಿನೊಳಗೇ ಇತ್ತು. ಒಂದನ್ನು ತೆಗೆದು ಕೊಟ್ಟೆ. ಕಾಕು ಅದನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. “ದೇವಾ, ಈ ಸಾಹೇಬ್ರ ನೌಕರಿ ಪಕ್ಕಾ ಆಗ್ಲಿ, ಮಕ್ಳು ಮರಿ ಛಂದ ಇರ್ಲಿ,” ಎಂದು ಕಣ್ಣು ಮುಚ್ಚಿ ಬೇಡಿಕೊಂಡರು. ಯಾರಾದರೂ ಬೈದರೆ ನಾನು ತಡೆದುಕೊಳ್ಳುತ್ತೇನೆ. ಇದನ್ನು ತಡೆದುಕೊಳ್ಳಲು ಆಗಲಿಲ್ಲ.

“ಕಾಕು, ಅದು ನಿಮ್ಮ ಗಣಪತಿ ಅಲ್ರಿ. ಸ್ಕ್ರೂ ಅಂತ ನಾ ಸುಳ್ಳು ಹೇಳ್ದೆ. ನಿಮ್ಮ ಗಣಪತಿನ... ನಾ ತಿಂದೀನ್ರಿ.”

ಬಾಗಿಲಲ್ಲಿ ನಿಂತಿದ್ದ ಯೂಸುಫ್ ಮಾಮು ತಲೆ ತಗ್ಗಿಸಿದ. ಕಾಕು ಕೈಯಲ್ಲಿದ್ದ ಅಡಿಕೆಯನ್ನು ಮೇಜಿನ ಮೇಲಿಟ್ಟು, “ಯಾವಾಗ?” ಎಂದರು.

“ಮಂಗಳವಾರ ರಿ, ಮಧ್ಯಾಹ್ನ.”

“ಮಂಗಳವಾರ! ಗಣಪತಿ ವಾರ!” ಎಂದು ಕಾಕು ಕೆನ್ನೆ ಕೆನ್ನೆ ಬಡಿದುಕೊಂಡರು.

ಭಾವುಸಾಹೇಬರು ಜೇಬಿನಿಂದ ಪತ್ರ ತೆಗೆದರು. ಹರಿಯುತ್ತಾರೆ ಎಂದುಕೊಂಡೆ. ಅವರು ನನ್ನದೇ ಪೆನ್ನು ಇಸಿದುಕೊಂಡು, ಬರೆದದ್ದನ್ನೆಲ್ಲ ಹೊಡೆದುಹಾಕಿ, ಕೆಳಗೆ ಮೂರು ಸಾಲು ಬರೆದು, ನನ್ನ ಕೈಗೇ ಕೊಟ್ಟು, ನಾಸಿಕಕ್ಕೆ ನೀವೇ ಕಳಿಸಿ ಎಂದು ಹೇಳಿ ಎದ್ದರು. ಅದರಲ್ಲಿ ಹೀಗಿತ್ತು: ‘ನಿಮ್ಮ ಮ್ಯಾನೇಜರ್ ತಪ್ಪು ಮಾಡಿದರೂ ಕೊನೆಗೆ ಒಪ್ಪಿಕೊಳ್ಳುವ ಮನುಷ್ಯ. ಇಂಥವರನ್ನು ಬಿಡಬೇಡಿ. ಆದರೆ ಪೂಜೆಗೆ ಮುಂಚೆ ಅವರಿಗೆ ಊಟ ಹಾಕಿರಿ.’

ಕಳಿಸಿದೆ. ನೌಕರಿ ಪಕ್ಕಾ ಆಯಿತು, ಹೆಂಡತಿ ಭಾಂಡಿ ಕಟ್ಟಲಿಲ್ಲ. ಅಡಿಕೆ ಡಬ್ಬಿ ಮಾತ್ರ ನನ್ನ ಮೇಜಿನಿಂದ ಯೂಸುಫ್ ಮಾಮುವಿನ ಪೆಟ್ಟಿಗೆಗೆ ಹೋಯಿತು. ನಾನು ಆ ಶಾಖೆಯಲ್ಲಿದ್ದ ಐದು ವರ್ಷವೂ ಹೊಸ ಕಾರಿನ ಪೂಜೆ ಇದ್ದಾಗಲೆಲ್ಲ ಅವನು ಗಿರಾಕಿಗಳ ಎದುರಿಗೇ, “ಸಾಬ್, ಖಾನಾ ಹುವಾ?” ಎಂದು ಕೇಳುತ್ತಿದ್ದ. ಊಟ ಆಯಿತು ಎಂದು ನಾನು ಹೇಳಿದ ಮೇಲೆಯೇ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ.