ಸಿಂಕಿನ ಹತ್ತಿರ ಬರಬೇಡ

ಸಿಂಕಿನ ಕೆಳಗಿದ್ದ ಕಸ ಅರೆಯುವ ಯಂತ್ರ ಒಂದು ಚಮಚವನ್ನು ಅರೆಯಲು ಹೋಗಿ, ಸೋತು, ಮೌನವ್ರತ ಹಿಡಿಯಿತು. ನೀರು ಇಳಿಯದೆ ಸಿಂಕು ಪುಟ್ಟ ಕೆರೆಯಾಯಿತು. ಅವಳಿಗೆ ಇದೇನೂ ಹೊಸದಲ್ಲ. ಪ್ಲಗ್ ಕಿತ್ತು, ಇಕ್ಕಳದಿಂದ ಚಮಚ ಎತ್ತಿ, ಯಂತ್ರದ ತಳದಲ್ಲಿರುವ ಕೆಂಪು ಗುಂಡಿ ಒತ್ತಿ ಮತ್ತೆ ಪ್ಲಗ್ ಹಾಕಿದರೆ ಮುಗಿಯಿತು. ಎಷ್ಟೋ ಸಲ ಹಾಗೆ ಮಾಡಿ, ಸೊಂಟ ನೀವಿಕೊಂಡು ಅಡುಗೆ ಮುಂದುವರಿಸಿದ್ದಳು. (ಹೇಳಿಕೊಳ್ಳುವುದಕ್ಕೆ ಅದೇನು ಗಂಡಸರ ಕೆಲಸವೇ?)

ಆದರೆ ಈ ಸಲ ಗಂಡ ಮನೆಯಲ್ಲಿದ್ದ. ಅದೂ ರಜೆ ಹಾಕಿಕೊಂಡು. ಟೆಸ್ಟರ್ ಹಿಡಿದು ಪ್ರತ್ಯಕ್ಷನಾದ.

"ಕರೆಂಟಿನ ವಿಷಯ ಇದು. ನೀನು ಸಿಂಕಿನ ಹತ್ತಿರಾನೇ ಬರಬೇಡ."

"ರೀ, ಕೆಳಗಡೆ ಒಂದು ಕೆಂಪು..."

"ಬರಬೇಡ ಅಂದ್ನಲ್ಲ!"

ಗಂಡನ ಮಾತನ್ನು ಇಷ್ಟು ಸಂತೋಷದಿಂದ ಪಾಲಿಸುವ ಅವಕಾಶ ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಮದುವೆಯಾದಾಗಿನಿಂದ ಓದದೆ ಹಳೆಯದಾಗಿದ್ದ ಪತ್ತೇದಾರಿ ಕಾದಂಬರಿಯನ್ನು ಹುಡುಕಿ ತೆಗೆದು ಕುರ್ಚಿಯಲ್ಲಿ ಕೂತಳು.

ಗಂಡನಿಗೆ ಸೊಟ್ಟಗಾದ ಚಮಚ ಸಿಕ್ಕಿತು. "ಇದಲ್ಲ ಕಾರಣ" ಎಂದು ಪಕ್ಕಕ್ಕಿಟ್ಟ. ಸಾಕೆಟ್ಟು ಬಿಚ್ಚಿ ಮತ್ತೆ ಜೋಡಿಸಿದ, ಫ್ಯೂಸು ಮೂಸಿದ, ಆರೋಗ್ಯವಾಗಿದ್ದ ವೈರಿಗೆ ಟೇಪು ಸುತ್ತಿದ.

"ಪಾತ್ರೆ ಹಾಗೇ ಬಿದ್ದಿದೆಯಲ್ಲೇ?"

"ಸಿಂಕಲ್ಲೇ ಇದೆ ಕಣ್ರೀ. ನಾನು ಹತ್ತಿರ ಬರೋ ಹಾಗಿಲ್ವಲ್ಲ."

ಪಾತ್ರೆಗಳನ್ನು ಅವನೇ ಬಚ್ಚಲಿಗೆ ಹೊತ್ತ. ಹೊತ್ತ ಮೇಲೆ ತೊಳೆಯದೆ ಬರಲು ಮರ್ಯಾದೆ ಬಿಡಲಿಲ್ಲ. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಇತ್ತ ಕಾದಂಬರಿಯಲ್ಲಿ ಹೆಣ ಬಿತ್ತು, ವಿಚಾರಣೆ ನಡೆಯಿತು, ಕೊಲೆಗಾರನ ಹೆಸರಿಗೆ ಒಂದೇ ಅಧ್ಯಾಯ ಉಳಿಯಿತು.

ಅಷ್ಟರಲ್ಲಿ ಮಗಳ ಮನೆಗೆ ಹೋಗಿದ್ದ ಅತ್ತೆ ಬಂದರು. ಸೊಸೆ ಕೊಟ್ಟ ಕಾಫಿ ಒಂದು ಗುಟುಕು ಕುಡಿದು ಮುಖ ಕಿವುಚಿದರು. ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತ ಮಗನನ್ನು ಇಣುಕಿ ನೋಡಿದರು. ಸೀದಾ ಅಡುಗೆಮನೆಗೆ ಹೋಗಿ ಸಿಂಕಿನ ಕೆಳಗೆ ಕೈ ಹಾಕಿದರು. ಟಕ್ ಎಂದಿತು. ಅತ್ತೆ ಸ್ವಿಚ್ ಹಾಕಿದರು. ಯಂತ್ರ ಗುರ್ ಎಂದಿತು.

"ಅತ್ತೆ! ಈ ಗುಂಡಿ ನಿಮಗೆ ಗೊತ್ತಿತ್ತಾ?" ಅವಳ ದನಿಯಲ್ಲಿ ಅಳು ಇತ್ತು.

"ನಿಂಗೆ ಗೊತ್ತಿಲ್ಲ ಅಂತ ನಂಬೋಕೆ ನಾನೇನು ನಿನ್ನ ಗಂಡಾನಾ?" ಅತ್ತೆ ದನಿ ತಗ್ಗಿಸಿದರು. "ನಿಮ್ಮ ಮಾವನ ಕೈಲಿ ನಾನೂ ಒಂದು ತಿಂಗಳು ಬಟ್ಟೆ ಒಗೆಸಿದೀನಿ. ಆದ್ರೆ ಇವನು ತೊಳೆದ ಲೋಟದಲ್ಲಿ ಬರೀ ಸೋಪಿನ ವಾಸನೆ ಕಣೆ. ಈ ವಯಸ್ಸಲ್ಲಿ ನನ್ ಕೈಲಾಗಲ್ಲ."

ಸದ್ದು ಕೇಳಿ ಗಂಡ ನೊರೆಗೈಯಲ್ಲೇ ಓಡಿ ಬಂದ. ಎದೆ ಎರಡಂಗುಲ ಉಬ್ಬಿತು.

"ನೋಡಿದ್ಯಾ? ಟೇಪು ಕೂತ್ಕೊಳ್ಳೋಕೆ ಸ್ವಲ್ಪ ಟೈಮ್ ಬೇಕಿತ್ತು ಅಷ್ಟೇ. ಇನ್ನು ಧೈರ್ಯವಾಗಿ ಸಿಂಕಿನ ಹತ್ತಿರ ಬಾ."

ಎಂದವನೇ ಪಾತ್ರೆ ಉಜ್ಜುವ ನಾರನ್ನು ಅವಳ ಅಂಗೈಯಲ್ಲಿಟ್ಟ, ಬಹುಮಾನ ವಿತರಿಸುವವನ ಹಾಗೆ.

ಅವಳು ಸುತ್ತ ನೋಡಿದಳು. ಗುರುತಿಗೆ ಬೇರೇನೂ ಸಿಗಲಿಲ್ಲ. ಕೊನೆಯ ಅಧ್ಯಾಯದ ಮೊದಲ ಪುಟಕ್ಕೆ ಆ ಸೊಟ್ಟ ಚಮಚವನ್ನೇ ಇಟ್ಟು, ಪುಸ್ತಕ ಮುಚ್ಚಿದಳು.