ನಮ್ಮ ಮನೆಯ ಹವಾಮಾನ ಇಲಾಖೆ

ಇವತ್ತು ಮಾಡಿದ ಕೆಲಸಗಳು: ಬೆಳಿಗ್ಗೆ ಬಟ್ಟೆ ಒಗೆದು ಹಿತ್ತಲ ತಂತಿಗೆ ಒಣಹಾಕಿದ್ದು. ಅತ್ತೆಯವರ ಅಪ್ಪಣೆಯಂತೆ ಅವನ್ನೇ ಒಳಗೆ ತಂದದ್ದು. ಬೇಳೆ ಬೇಯಲಿಟ್ಟು, ಅತ್ತೆಯವರ ತಿದ್ದುಪಡಿ ಅಪ್ಪಣೆಯಂತೆ ಬಟ್ಟೆಗಳನ್ನು ಮತ್ತೆ ಹೊರಗೆ ಒಯ್ದದ್ದು. ಟೊಮೆಟೊ ಗಿಡಕ್ಕೆ ನೀರು ಹಾಕಿದ್ದು. ಗಂಡನ ಅಂಗಿಗೆ ಇಸ್ತ್ರಿ ಮಾಡಿದ್ದು.

ನ್ಯೂಜಿಲೆಂಡಿನ ಹವಾಮಾನವನ್ನು ರಾಜಧಾನಿ ವೆಲ್ಲಿಂಗ್ಟನ್ನಿನಲ್ಲಿ ಕೂತು ಯಾರೋ ಲೆಕ್ಕ ಹಾಕುತ್ತಾರೆಂದು ಜನ ನಂಬಿದ್ದಾರೆ. ನಂಬಲಿ ಪಾಪ! ನಿಜವಾದ ಇಲಾಖೆ ಇರುವುದು ರಿಕ್ಕರ್ಟನ್ ಬಡಾವಣೆಯ ನಮ್ಮ ಮನೆಯ ಸೋಫಾದ ಎಡತುದಿಯಲ್ಲಿ. ಕಾಲ ಮೇಲೆ ಶಾಲು, ಕೈಯಲ್ಲಿ ಫೋನು, ಮೂಗಿನ ತುದಿಯಲ್ಲಿ ಕನ್ನಡಕ. ನನ್ನ ಅತ್ತೆ. ಧಾರವಾಡದ ಹೈಸ್ಕೂಲಿನಲ್ಲಿ ಜೀವನಪೂರ್ತಿ ಪಾಠ ಹೇಳಿ, ಉತ್ತರಪತ್ರಿಕೆ ತಿದ್ದಿ, ನಿವೃತ್ತರಾಗಿ ನಮ್ಮಲ್ಲಿಗೆ ಬಂದವರು.

ಬಂದ ಹೊಸದರಲ್ಲಿ ಅವರಿಗೆ ಈ ಹುಚ್ಚು ಇರಲಿಲ್ಲ. ಅದು ಹತ್ತಿದ್ದು ನನ್ನ ಮಗಳಿಂದ. ಇಲ್ಲೇ ವಿಶ್ವವಿದ್ಯಾಲಯದಲ್ಲಿ ಓದುವ ಈ ಹುಡುಗಿ ಕಳೆದ ವರ್ಷ ಬೆಂಕಿ ಆರಿಸುವ ಸ್ವಯಂಸೇವಕರ ತಂಡಕ್ಕೆ ಸೇರಿಬಿಟ್ಟಳು. ಬೇಸಿಗೆಯಲ್ಲಿ ಊರಂಚಿನ ಗುಡ್ಡಗಳ ಒಣಹುಲ್ಲು ಹೊತ್ತಿಕೊಂಡರೆ ಫೋನಿಗೆ ಕರೆ ಬರುತ್ತದೆ, ಹುಡುಗಿ ಓಡುತ್ತಾಳೆ. ನಾನು ಕಣ್ಣೀರು ಹಾಕಿದೆ, ಗಂಡ ರಂಪ ಮಾಡಿದ. ಅತ್ತೆ ಮಾತ್ರ ಬೇಡವೆನ್ನಲಿಲ್ಲ. "ಆಕೀ ಮನಸ್ಸಿಗೆ ಬಂದದ. ಹೋಗ್ಲಿ" ಎಂದರು. ಅವತ್ತೇ ಸಂಜೆ ನನ್ನ ಹತ್ತಿರ ಬಂದು, "ಹವಾಮಾನ ತೋರಸ್ತದಲ್ಲ, ಅದನ್ನ ನನ್ನ ಫೋನಿನ್ಯಾಗ ಹಾಕಿಕೊಡವಾ" ಎಂದು ಕೇಳಿದರು. ಹಾಕಿಕೊಟ್ಟೆ. ನಮ್ಮ ನೆಮ್ಮದಿಗೆ ಅದೇ ಕೊನೆ!

ಮೊದಲು ಅವರು ಹಿಡಿದದ್ದು ಚಳಿಗಾಲದ ಹಿಮವನ್ನು. ಇಲ್ಲಿ ಚಳಿ ಜೂನ್-ಜುಲೈಗೆ, ಬೇಸಿಗೆ ಜನವರಿ-ಫೆಬ್ರುವರಿಗೆ. ಅತ್ತೆಯವರ ಸಿದ್ಧಾಂತ ಸರಳ: ಹಿಮ ಬಿದ್ದರೆ ನೆಲ ತೊಯ್ಯುತ್ತದೆ, ನೆಲ ತೊಯ್ದರೆ ಬೆಂಕಿ ಹತ್ತುವುದಿಲ್ಲ, ಬೆಂಕಿ ಹತ್ತದಿದ್ದರೆ ಹುಡುಗಿ ಮನೆಯಲ್ಲಿರುತ್ತಾಳೆ.

"ಅವ್ವಾ, ಜುಲೈದಾಗ ಬಿದ್ದ ಹಿಮ ಫೆಬ್ರುವರಿತನಕ ಇರ್ತದೇನು?" ಎಂದು ನನ್ನ ಗಂಡ ನಕ್ಕ.

"ನಿನ್ನ ಮದವ್ಯಾಗ ಹಾಕಿದ ಅಕ್ಷತಿ ಇನ್ನೂ ನಿನ್ನ ತಲೀಮ್ಯಾಲೆ ಅದ ಏನು? ಆದ್ರೂ ಸಂಸಾರ ನಡದಿಲ್ಲೇನು?"

ಇದಕ್ಕೆ ಯಾವ ವಿಜ್ಞಾನಿ ಉತ್ತರ ಕೊಟ್ಟಾನು?

ಮೇ ತಿಂಗಳಲ್ಲಿ ಒಂದು ದೀರ್ಘಾವಧಿ ಮುನ್ಸೂಚನೆ ಬಂತು. ಮುಂದಿನ ಮೂರು ತಿಂಗಳಲ್ಲಿ ವಾಡಿಕೆಗಿಂತ ಹೆಚ್ಚು ಹಿಮ ಬೀಳುವ ಸಾಧ್ಯತೆ ಶೇಕಡಾ ನಲವತ್ತು. ಅಂದರೆ ಬೀಳಲೂಬಹುದು, ಬೀಳದೆಯೂ ಇರಬಹುದು, ನಮಗೆ ಗೊತ್ತಿಲ್ಲ, ಬೈಯಬೇಡಿ ಎಂದು ಅರ್ಥ. ಆದರೆ ಜೀವನಪೂರ್ತಿ ಪತ್ರಿಕೆ ತಿದ್ದಿದ ಕೈ ಸುಮ್ಮನಿರುತ್ತದೆಯೇ?

"ನಲವತ್ತು! ಮೂವತ್ತೈದಕ್ಕ ಪಾಸು. ಪಾಸಾಗಿ ಮ್ಯಾಲೆ ಐದು ಉಳದಾವ. ಬಂದೇ ಬರ್ತದ!"

ಅವತ್ತಿನಿಂದ ನಮ್ಮ ಮನೆ ಹಿಮಯುಗಕ್ಕೆ ಸಿದ್ಧವಾಯಿತು. ನಿಂಬೆಗಿಡದ ಕುಂಡ ಬಚ್ಚಲುಮನೆಗೆ ಬಂತು. ಆ ಚಳಿಗಾಲವಿಡೀ ನಾವೆಲ್ಲ ನಿಂಬೆಗಿಡದ ಸಮಕ್ಷಮದಲ್ಲಿ ಸ್ನಾನ ಮಾಡಿದೆವು. ಮುಳ್ಳು ಚುಚ್ಚಿದಾಗಲೆಲ್ಲ ಗಂಡ ಒಳಗಿನಿಂದಲೇ ಕೂಗುತ್ತಿದ್ದ, "ಅವ್ವಾ, ಪಾಸಾದವರು ಎಲ್ಲಿದ್ದಾರ?"

ಆಗಸ್ಟ್ ಮುಗಿಯುವ ಹೊತ್ತಿಗೆ ಒಂದು ಮುಂಜಾನೆ ಅಂಗಳದಲ್ಲಿ ಯಾರೋ ರವೆ ಚೆಲ್ಲಿದಷ್ಟು ಹಿಮ ಬಿತ್ತು. ಚಹಾ ಕುದಿಯುವಷ್ಟರಲ್ಲಿ ಕರಗಿಯೂ ಹೋಯಿತು. ಅತ್ತೆ ಬರಿಗೈಯಲ್ಲಿ ಒಂದು ಚಿಟಿಕೆ ಎತ್ತಿ ನೋಡಿ, "ಭಾಳ ಬಿಗಿ ತಿದ್ದ್ಯಾರ. ಇನ್ನೊಂದೀಟು ಕೊಡಬಹುದಿತ್ತು" ಎಂದು ಒಳಗೆ ಹೋದರು.

ಹಿಮ ಕೈಕೊಟ್ಟ ಮೇಲೆ ಅವರು ಹೊಗೆಗೆ ತಿರುಗಿದರು. ಹೊಗೆಗೂ ಮುನ್ಸೂಚನೆ ಇದೆ ಎಂದು ನನಗಾದರೂ ಏನು ಗೊತ್ತಿತ್ತು! ಫೋನಿನ ನಕಾಶೆಯಲ್ಲಿ ಹಳದಿ, ಕಿತ್ತಳೆ, ನೇರಳೆ ಬಣ್ಣಗಳು ತೆವಳುತ್ತವೆ. ಒಮ್ಮೆ ಆಸ್ಟ್ರೇಲಿಯಾದ ಕಾಡಿಗೆ ಬೆಂಕಿ ಬಿದ್ದು, ಅಲ್ಲಿನ ಹೊಗೆ ಸಮುದ್ರ ದಾಟಿ ನಮ್ಮ ಕಡೆ ಹೊರಟಿತ್ತು. ಅತ್ತೆ ನೇರ ಸಿಡ್ನಿಯಲ್ಲಿರುವ ನನ್ನ ನಾದಿನಿಗೆ ಫೋನು ಮಾಡಿದರು.

"ಏನವಾ, ನಿಮ್ಮೂರಿನ ಹೊಗಿ ನನ್ನ ಸಂಡಿಗೀಮ್ಯಾಲೆ ಬಂದು ಕೂಡ್ಲಿಕ್ಕೆ ಹತ್ತೇದ!"

"ಅವ್ವಾ, ನಾ ಏನು ಮಾಡ್ಲಿ? ನಾ ಊದಿ ಕಳಿಸೇನೇನು?"

"ಮಗಳಾಗಿ ಒಂದು ಮಾತು ಮೊದ್ಲ ಹೇಳಬಾರದ?"

ಪಕ್ಕದ ಮನೆಯ ನ್ಯೂಜಿಲೆಂಡಿನ ಮುದುಕ ಈಗ ಬಟ್ಟೆ ಒಣಹಾಕುವ ಮುಂಚೆ ಬೇಲಿಯ ಮೇಲಿಂದ ಅತ್ತೆಯವರ ಮುಖ ನೋಡುತ್ತಾನೆ. ಅತ್ತೆ ಹೆಬ್ಬೆರಳು ಮೇಲೆತ್ತಿದರೆ ಒಣಹಾಕುತ್ತಾನೆ, ಕೆಳಗಿಳಿಸಿದರೆ ಬುಟ್ಟಿ ಎತ್ತಿಕೊಂಡು ಒಳಗೆ ಹೋಗುತ್ತಾನೆ. ಇಬ್ಬರ ನಡುವೆ ಭಾಷೆ ಇಲ್ಲ, ಜಗಳವೂ ಇಲ್ಲ. ನನ್ನ ಗಂಡ ಇಷ್ಟು ವಿಧೇಯನಾಗಿದ್ದರೆ!

ಇವತ್ತು ಬಟ್ಟೆ ಎರಡನೆಯ ಸಲ ಹೊರಗೆ ಹೋಗಿ ಸ್ವಲ್ಪ ಹೊತ್ತಾಗಿತ್ತು. ವಾಯವ್ಯದ ಬಿಸಿಗಾಳಿ ಬೀಸುತ್ತಿತ್ತು. ಮಗಳು ಟೋಸ್ಟಿಗೆ ಬೆಣ್ಣೆ ಹಚ್ಚುತ್ತಿದ್ದಳು. ಅವಳ ಫೋನು ಕಿರುಚಿತು. ಗುಡ್ಡಕ್ಕೆ ಬೆಂಕಿ.

"ಗಾಟ್ಟ ಗೋ, ಅಜ್ಜಿ. ಡೋಂಟ್ ವರಿ, ಓಕೆ?" ಎಂದು ಅರ್ಧ ಟೋಸ್ಟು ಬಾಯಲ್ಲಿಟ್ಟುಕೊಂಡೇ ಓಡಿದಳು.

ನಾನು ಕಾದೆ. ಈಗ ಇಲಾಖೆ ತೆರೆಯುತ್ತದೆ, ಬಣ್ಣಗಳ ವಿವರಣೆ ಶುರುವಾಗುತ್ತದೆ ಎಂದುಕೊಂಡೆ. ಆದರೆ ಅತ್ತೆಯವರ ಫೋನು ಶಾಲಿನ ಮೇಲೆ ಬೋರಲಾಗಿತ್ತು. ಅವರು ಅದನ್ನು ನನ್ನ ಕಡೆ ಚಾಚಿದರು.

"ನೀನ ನೋಡು. ನನಗ ಆಗವಲ್ದು."

ಯಾರಿಗೂ ಮುಟ್ಟಗೊಡದ ಫೋನು! ತೆಗೆದುಕೊಂಡೆ.

"ಛಲೋ ಇದ್ದದ್ದಷ್ಟ ಓದು" ಎಂದರು.

ಓದಿದೆ. ಹೊಗೆ ಸದ್ಯಕ್ಕೆ ಊರು ಬಿಟ್ಟು ಸಮುದ್ರದ ಕಡೆ ಹೋಗುತ್ತಿದೆ. ನಾಳೆ ತಂಪು. ಬೆಳಗಿನ ಜಾವ ತುಂತುರು ಮಳೆ ಬರಬಹುದು.

"ನಡುವ ಒಂದು ಸಾಲು ಬಿಟ್ಟಿ."

"ಇಲ್ಲ ಅತ್ಯಾ."

"ನಿನ್ನ ಕಣ್ಣು ಅಲ್ಲಿ ನಿಂತು ಮುಂದ ಹೋದೂ. ಪರೀಕ್ಷಾ ಹಾಲಿನ್ಯಾಗ ಇಂಥಾ ಕಣ್ಣು ಎಷ್ಟು ನೋಡಿಲ್ಲ ನಾ?"

"ನೀವೇ ಅಂದ್ರಲ್ಲ, ಛಲೋ ಇದ್ದದ್ದಷ್ಟ ಓದು ಅಂತ!"

ಬಿಟ್ಟ ಸಾಲಿನಲ್ಲಿದ್ದದ್ದು ಇಷ್ಟೇ: ಸಂಜೆಗೆ ಗಾಳಿ ದಿಢೀರನೆ ತಿರುಗಿ ದಕ್ಷಿಣದಿಂದ ಬೀಸುತ್ತದೆ, ಜೋರಾಗಿ. ಗಾಳಿ ತಿರುಗಿದರೆ ಬೆಂಕಿಯೂ ತಿರುಗುತ್ತದೆ. ಇದನ್ನು ನನಗೆ ಕಲಿಸಿದ್ದೂ ಅತ್ತೆಯೇ. ಅವರು ಮತ್ತೆ ಕೇಳಲಿಲ್ಲ. ನನ್ನ ಕೈ ಹಿಡಿದುಕೊಂಡರು. ಈ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾಯಿತು, ಆ ಕೈ ಇಷ್ಟು ಸಣ್ಣದೆಂದು ನನಗೆ ಗೊತ್ತಿರಲಿಲ್ಲ.

ಸಂಜೆ ತಂತಿಯ ಮೇಲಿನ ಬಟ್ಟೆಗಳು ಒಂದು ಕ್ಷಣ ನೇತಾಡಿ ನಿಂತವು. ಮರುಕ್ಷಣ ಎಲ್ಲ ಅಂಗಿಗಳೂ ಆ ಕಡೆಯಿಂದ ಈ ಕಡೆಗೆ ಹಾರಿದವು. ಗಾಳಿ ತಿರುಗಿತ್ತು. ಸ್ವಲ್ಪ ಹೊತ್ತಿಗೆ ಹೊಗೆಯೂ ಊರೊಳಗೆ ಬಂತು. ಬಟ್ಟೆಗಳನ್ನು ಒಳಗೆ ತನ್ನಿ ಎಂದು ಯಾರೂ ಹೇಳಲಿಲ್ಲ. ಅತ್ತೆ ಎದ್ದು ಅಡುಗೆಮನೆಗೆ ಹೋಗಿ ಜೋಳದ ಹಿಟ್ಟು ನಾದಿ, ರೊಟ್ಟಿ ಬಡಿಯತೊಡಗಿದರು. ಕೆಲಸದಿಂದ ಬಂದ ಗಂಡ ಮಗಳು ಹೋದ ಸುದ್ದಿ ಕೇಳಿ ಬಾಗಿಲಲ್ಲೇ ನಿಂತ. ಮನೆಯಲ್ಲಿದ್ದ ನಾವು ಮೂವರು, ಡಬ್ಬಿಯಲ್ಲಿ ರೊಟ್ಟಿ ಒಂದು ಮದುವೆಗಾಗುವಷ್ಟು!

ಬೆಳಕಿರುವಾಗಲೇ ಹುಡುಗಿ ಬಂದಳು. ಮುಖ ಕಪ್ಪು, ಕಣ್ಣು ಕೆಂಪು. "ಗಾಳಿ ತಿರುಗೋ ಮೊದ್ಲೇ ನಮ್ಮನ್ನ ಕೆಳಗೆ ಇಳಿಸಿದ್ರು" ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿ, ಕೈಕಾಲು ತೊಳೆಯದೆ ಹಾಗೇ ಕೂತುಬಿಟ್ಟಳು. ಬೇರೆ ದಿನವಾಗಿದ್ದರೆ ಅತ್ತೆ ಬಚ್ಚಲಿಗೆ ಅಟ್ಟುತ್ತಿದ್ದರು. ಇವತ್ತು ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ, ತಾವೇ ಬಾಯಿಗಿಟ್ಟರು. ಇಪ್ಪತ್ತು ದಾಟಿದ ಹುಡುಗಿ ಬಾಯಿ ತೆರೆದಳು.

ನಮ್ಮ ಊಟವೂ ಅದೇ: ರೊಟ್ಟಿ, ಬೇಳೆ, ಶೇಂಗಾ ಚಟ್ನಿಪುಡಿ, ಮೊಸರು. ಎಲ್ಲರಿಗಿಂತ ಮೊದಲು ನಿದ್ದೆ ಹೋದವರು ಅತ್ತೆ. ತಟ್ಟೆ ಎತ್ತುವ ಮೊದಲೇ, ಕೂತಲ್ಲೇ, ಮೊಮ್ಮಗಳ ಮಸಿ ಹತ್ತಿದ ಭುಜಕ್ಕೆ ತಲೆಯಿಟ್ಟು. ಅವಳು ಅಲುಗಾಡಲಿಲ್ಲ.