ಕುದಿಸಿದ ಮಜ್ಜಿಗೆ

ಕಾಲು ಉಳುಕಿದರೆ ನಾಲ್ಕು ಜನರೆದುರು ಗೌರವದಿಂದ ಕುಂಟಬಹುದು. ಮಲಬದ್ಧತೆಯಾದರೆ ಏನು ಮಾಡಿ ತೋರಿಸುವುದು? ನಾನು ಮಡಂತ್ಯಾರಿನಲ್ಲಿ ಶಾಲಾ ಮಾಸ್ತರನಾಗಿದ್ದಾಗ ಟೈಫಾಯ್ಡ್ ಬಂತು. ಬೆಳ್ತಂಗಡಿಯ ಡಾಕ್ಟರು ಆಗಷ್ಟೇ ಬಂದಿದ್ದ ಹೊಸ ಮಾತ್ರೆ ಕೊಟ್ಟರು. ಜ್ವರ ಬಿಟ್ಟಿತು, ಜೊತೆಗೆ ಬೆಳಗ್ಗೆ ತಂಬಿಗೆ ಹಿಡಿದು ಗುಡ್ಡೆಗೆ ಹೋಗುವ ಅಗತ್ಯವೂ ಬಿಟ್ಟುಹೋಯಿತು. ನನ್ನ ಹೆಂಡತಿ ಕಮಲ ಇದನ್ನು ಬಾವಿಕಟ್ಟೆಯಲ್ಲಿ ಯಾರಿಗೋ ಹೇಳಿದ್ದೇ ತಡ, ಬಸ್ಸಿನ ಕಂಡಕ್ಟರ್ ಕೂಡ ಟಿಕೆಟ್ ಹರಿಯುತ್ತಾ, "ಮಾಸ್ಟ್ರೇ, ಇನ್ನೂ ಆಗ್ಲಿಲ್ವಾ ಮಾರಾಯ್ರೆ?" ಎಂದ. ಇಡೀ ಬಸ್ಸು ನನ್ನ ಹೊಟ್ಟೆಯನ್ನೇ ನೋಡಿತು.

ಪುನಃ ಡಾಕ್ಟರಲ್ಲಿಗೆ ಹೋದೆ. "ಹೊಟ್ಟೆಯಲ್ಲಿ ಒಳ್ಳೆ ಕ್ರಿಮಿಗಳೂ ಉಂಟು ಮಾಸ್ಟ್ರೇ. ಮಾತ್ರೆಗೆ ಅವೂ ಸತ್ತಿರಬೇಕು. ಮಜ್ಜಿಗೆಯಲ್ಲಿ ಅಂಥ ಕ್ರಿಮಿ ಉಂಟು, ದಿನಾ ಎರಡು ಲೋಟ ಕುಡಿಯಿರಿ" ಎಂದರು. ಮನೆಗೆ ಬಂದು ಕಮಲಳಿಗೆ ಹೇಳಿದೆ. ಎಂಟು ದಿನ ಕುಡಿದೆ. ಬೆಚ್ಚಗಿನ ಹುಳಿನೀರು, ಅದರಲ್ಲಿ ಒಡೆದ ಮೊಸರಿನ ಗಟ್ಟಿ ಚೂರುಗಳು. ಕಾಯಿಲೆಯಿಂದ ಎದ್ದವರಿಗೆ ತಣ್ಣಗಿನದು ಕೊಡಬಾರದೆಂದು ಬಿಸಿ ಮಾಡಿದ್ದಾಳೆ ಎಂದುಕೊಂಡೆ. ಹೊಟ್ಟೆ ಮಾತ್ರ ಮದ್ದಳೆಯಂತೆ ಬಿಗಿದೇ ಇತ್ತು.

ಒಂಬತ್ತನೆಯ ದಿನ ಅಡುಗೆಮನೆಗೆ ಹೋದರೆ, ಮಜ್ಜಿಗೆ ಒಲೆಯ ಮೇಲೆ ಕೊತಕೊತ ಕುದಿಯುತ್ತಿದೆ!

"ಇದನ್ನು ಯಾಕೆ ಕುದಿಸುವುದು?"

"ಅದರಲ್ಲಿ ಕ್ರಿಮಿ ಉಂಟು ಅಂತ ನೀವೇ ಹೇಳಿದ್ದಲ್ವಾ? ಟೈಫಾಯ್ಡ್ ಬಂದವರಿಗೆ ಹಾಗೇ ಕೊಡ್ಲಿಕ್ಕೆ ಆಗ್ತದಾ? ಇವತ್ತು ಇನ್ನೂ ಸ್ವಲ್ಪ ಹೊತ್ತು ಕುದಿಸ್ತೇನೆ."

"ಆ ಕ್ರಿಮಿಯೇ ಮದ್ದು ಮಾರಾಯ್ತಿ! ಅದು ಜೀವಂತ ಬೇಕು!"

"ನೀರು ಕುದಿಸದಿದ್ದರೆ ರಂಪ ಮಾಡುವವರು ಯಾರು? ಈಗ ಕ್ರಿಮಿ ಬೇಕಂತೆ, ಅದೂ ಜೀವಂತ!"

ಶಾಲೆಯಲ್ಲಿ ಆರೋಗ್ಯದ ಪಾಠ ಮಾಡುವ ನಾನೇ ಪಾತ್ರೆಯನ್ನು ಒಲೆಯಿಂದ ಇಳಿಸಿದೆ.

ಆಕೆ ಆಗಲೇ ಮೊಸರು ಕಡೆದು ಒಂದು ಲೋಟ ತಂದು ಕೊಟ್ಟಳು. ಅಷ್ಟೆಲ್ಲ ಕೂಗಾಡಿದ ನಾನು, ಲೋಟ ಕೈಗೆ ಬಂದಾಗ ಅದರೊಳಗೆ ಇಣುಕಿದೆ. ಒಳಗೆ ಸಾವಿರಾರು ಕ್ರಿಮಿಗಳು ಈಜುತ್ತಿರುವಂತೆ ಕಂಡಿತು. ಕುದಿಸಿದ್ದೇ ವಾಸಿಯಿತ್ತೇನೋ ಎಂದೂ ಅನ್ನಿಸಿತು. ಕಮಲ ಸೊಂಟಕ್ಕೆ ಕೈಯಿಟ್ಟು ಎದುರೇ ನಿಂತಿದ್ದಳು. ಕಣ್ಣು ಮುಚ್ಚಿ ಗಟಗಟನೆ ಕುಡಿದೆ.

ಕುದಿಸದ ಮಜ್ಜಿಗೆ ಶುರುವಾದ ನಾಲ್ಕನೆಯ ಬೆಳಗ್ಗೆ ಗುಡ್ಡೆಗೆ ಓಡಿದೆ. ಇಳಿದು ಬರುವಾಗ ಕಮಲ ಬಾವಿಕಟ್ಟೆಯಿಂದಲೇ, ನಾಲ್ಕು ಹೆಂಗಸರ ನಡುವಿನಿಂದ, "ಆಯ್ತಾ?" ಎಂದು ಕೂಗಿದಳು. ನಾಚಿ ತಲೆ ತಗ್ಗಿಸಬೇಕಿತ್ತು. ಆದರೆ ಮಾಸ್ತರಿಕೆಯ ಟ್ರೈನಿಂಗ್ ಪರೀಕ್ಷೆ ಪಾಸಾದ ದಿನವೂ ಹೇಳಿರದಷ್ಟು ಗಟ್ಟಿಯಾಗಿ, "ಆಯ್ತು!" ಎಂದೆ.